ಎಣಿಸಿದವರು ಯಾರು ಎಂಬುದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಇರಾನಿನಲ್ಲಿ ಜನ ಬೀದಿಗಿಳಿದಾಗಲೆಲ್ಲ ನಮ್ಮ ಕನ್ನಡ ಪತ್ರಿಕೆಗಳ ವಿದೇಶ ಪುಟದಲ್ಲಿ ಒಂದೇ ನಮೂನೆಯ ವಾಕ್ಯ ಕಾಣಿಸುತ್ತದೆ: ‘ಗೋಲಿಬಾರ್‌ನಲ್ಲಿ ಇಷ್ಟು ಮಂದಿ ಮೃತಪಟ್ಟಿದ್ದಾರೆ ಎನ್ನಲಾಗಿದೆ.’ ಈ ಪತ್ರ ಆ ಕೊನೆಯ ಪದದ ಬಗ್ಗೆ. ಎನ್ನಲಾಗಿದೆ ಎಂದರೆ, ಅಂದವರು ಯಾರು? ಅಲ್ಲಿಯ ಸರ್ಕಾರವೇ, ಸತ್ತವರ ಮನೆಯವರೇ, ಹೊರದೇಶದಲ್ಲಿ ಕೂತು ಒಂದೊಂದೇ ಹೆಸರು ಬರೆದಿಟ್ಟುಕೊಳ್ಳುವ ಸಂಘಟನೆಯೇ, ಹೆಸರಿಲ್ಲದ ಯಾವುದೋ ಟೆಲಿಗ್ರಾಂ ಚಾನೆಲ್ಲೇ? ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಈ ಒಂದು ಕ್ರಿಯಾಪದದಲ್ಲಿ ನಾಲ್ವರೂ ಒಂದೇ ತೂಕದವರಾಗಿಬಿಡುತ್ತಾರೆ. ಇರಾನಿನ ಮಟ್ಟಿಗೆ ಹೇಳಿದವರ ಹೆಸರೇ ಅರ್ಧ ಸುದ್ದಿ.

ಧಾರವಾಡದಲ್ಲಿ ಇದು ಸಣ್ಣ ಮಾತಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಸಪ್ತಾಪುರದ ವಾಚನಾಲಯಗಳಲ್ಲಿ ಬೆಳಿಗ್ಗೆಯೇ ಪತ್ರಿಕೆ ಹರವಿಕೊಂಡು ಪ್ರಚಲಿತ ವಿದ್ಯಮಾನದ ನೋಟ್ಸ್ ಬರೆದುಕೊಳ್ಳುತ್ತಾರೆ. ಪತ್ರಿಕೆಯ ಅಂಕಿ ನೋಟ್‌ಬುಕ್ಕಿಗೆ, ನೋಟ್‌ಬುಕ್ಕಿನಿಂದ ಝೆರಾಕ್ಸ್ ಅಂಗಡಿಗೆ, ಅಲ್ಲಿಂದ ಗದಗ, ಹಾವೇರಿಯ ಹಾಸ್ಟೆಲ್ಲುಗಳಿಗೆ ಹೋಗುತ್ತದೆ. ಮೂರು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ಬರುವ ತಿದ್ದುಪಡಿ ಆ ದಾರಿ ಹಿಡಿಯುವುದಿಲ್ಲ.

ಒಂದು ಉದಾಹರಣೆಯನ್ನು ಬಿಚ್ಚಿ ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ಮಹ್ಸಾ ಅಮೀನಿ ಎಂಬ ಯುವತಿ ಪೊಲೀಸ್ ವಶದಲ್ಲಿ ಸತ್ತ ಮೇಲೆ ಇರಾನಿನಲ್ಲಿ ದೊಡ್ಡ ಚಳವಳಿ ಎದ್ದಿತು. 2022ರ ನವೆಂಬರ್‌ನಲ್ಲಿ ‘ಇರಾನ್ 15,000 ಪ್ರತಿಭಟನಕಾರರಿಗೆ ಮರಣದಂಡನೆ ವಿಧಿಸಿದೆ’ ಎಂಬ ಮಾತು ಜಗತ್ತು ಸುತ್ತಿತು. ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ಅದನ್ನು ಟ್ವೀಟ್ ಮಾಡಿ ಆಮೇಲೆ ಅಳಿಸಿದರು. ಅದು ಹುಟ್ಟಿದ್ದು ಹೀಗೆ: ಅಲ್ಲಿಯವರೆಗೆ ಸುಮಾರು 14,000 ಜನ ಬಂಧನಕ್ಕೊಳಗಾಗಿದ್ದಾರೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ಹೇಳಿದ್ದರು. ಅದೇ ಹೊತ್ತಿಗೆ, 290 ಸದಸ್ಯರ ಇರಾನ್ ಸಂಸತ್ತಿನ 227 ಮಂದಿ ಪ್ರತಿಭಟನಕಾರರ ಮೇಲೆ ಕಠಿಣ ಕ್ರಮ ಜರುಗಿಸಿ ಎಂದು ನ್ಯಾಯಾಂಗವನ್ನು ಒತ್ತಾಯಿಸಿದ ಸುದ್ದಿ ಬಂತು. ಒಂದು ಬಂಧಿತರ ಅಂದಾಜು, ಇನ್ನೊಂದು ರಾಜಕಾರಣಿಗಳ ಬೇಡಿಕೆ. ಎರಡನ್ನೂ ಸೇರಿಸಿ ಹೊಲಿದಾಗ ‘15,000 ಜನರಿಗೆ ಗಲ್ಲು’ ತಯಾರಾಯಿತು. ಶಿಕ್ಷೆ ವಿಧಿಸುವ ಅಧಿಕಾರ ಸಂಸತ್ತಿಗೆ ಇಲ್ಲವೇ ಇಲ್ಲ. ಕಾಪಿ ತಿದ್ದುವವರು ‘ಯಾವ ನ್ಯಾಯಾಲಯ, ಯಾವ ದಿನ, ಯಾವ ಆರೋಪ’ ಎಂದು ಮೂರು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಆ ವಾಕ್ಯ ಬಿದ್ದುಹೋಗುತ್ತಿತ್ತು.

ನಿಜವಾಗಿ ಆದದ್ದೇನು? ಆ ಚಳವಳಿಗೆ ಸಂಬಂಧಿಸಿ ಮೊದಲು ಗಲ್ಲಿಗೇರಿದ್ದು ಮೊಹ್ಸೆನ್ ಶೆಕಾರಿ, 2022ರ ಡಿಸೆಂಬರ್ 8ರಂದು. ನಾಲ್ಕು ದಿನದ ನಂತರ ಮಶ್‌ಹದ್ ನಗರದಲ್ಲಿ ಮಜೀದ್‌ರೆಜಾ ರಹನವರ್ದ್ ಅವರನ್ನು ಬಹಿರಂಗವಾಗಿ ಕ್ರೇನಿಗೆ ನೇಣು ಹಾಕಿದರು. ಬಂಧನಕ್ಕೂ ನೇಣಿಗೂ ನಡುವೆ ಒಂದು ತಿಂಗಳು ಕೂಡ ಆಗಿರಲಿಲ್ಲ. 2023ರ ಜನವರಿ 7ರಂದು ಮೊಹಮ್ಮದ್ ಮೆಹ್ದಿ ಕರಾಮಿ ಮತ್ತು ಮೊಹಮ್ಮದ್ ಹೊಸೈನಿ. ಒಂದು ತಿಂಗಳಲ್ಲಿ ನಾಲ್ವರು. 15,000 ಎಂದು ಮೊದಲೇ ಓದಿಕೊಂಡವರಿಗೆ ಈ ನಾಲ್ಕು ‘ಬರೀ ನಾಲ್ಕು’ ಅನ್ನಿಸುತ್ತದೆ. ಉಬ್ಬಿಸಿದ ಅಂಕಿ ಮಾಡುವ ಅತ್ಯಂತ ಕೆಟ್ಟ ಕೆಲಸ ಇದೇ. ಇನ್ನೊಂದು ನಷ್ಟವೂ ಇದೆ. ‘ನೋಡಿ, ಹೊರಗಿನ ಮಾಧ್ಯಮ ಸುಳ್ಳು ಹೇಳುತ್ತದೆ’ ಎನ್ನಲು ಕಾಯುತ್ತಿರುವ ಸರ್ಕಾರದ ಕೈಗೆ ನಾವೇ ಪುರಾವೆ ಕೊಟ್ಟಂತಾಗುತ್ತದೆ.

ಸಾವಿನ ಲೆಕ್ಕ ಇದಕ್ಕಿಂತ ಕಠಿಣ. 2019ರ ನವೆಂಬರ್ 15ರಂದು ಇರಾನ್ ಸರ್ಕಾರ ಪೆಟ್ರೋಲ್ ದರವನ್ನು ಒಮ್ಮೆಲೇ ಏರಿಸಿತು. ಊರೂರಲ್ಲಿ ಪ್ರತಿಭಟನೆ, ಗುಂಡೇಟು. ಆ ಕೆಲವೇ ದಿನಗಳ ಸಾವಿಗೆ ಇವತ್ತಿಗೂ ಮೂರು ಅಂಕಿಗಳಿವೆ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಆ ಡಿಸೆಂಬರ್‌ನಲ್ಲಿ ಕನಿಷ್ಠ 304 ಎಂದಿತು. ರಾಯಿಟರ್ಸ್, ಹೆಸರು ಹೇಳಲೊಪ್ಪದ ಆಂತರಿಕ ಸಚಿವಾಲಯದ ಅಧಿಕಾರಿಗಳನ್ನು ಉಲ್ಲೇಖಿಸಿ ಸುಮಾರು 1,500 ಎಂದಿತು. ಆಂತರಿಕ ಸಚಿವ ಅಬ್ದುಲ್‌ರೆಜಾ ರಹಮಾನಿ ಫಜ್ಲಿ 2020ರ ಮೇ ಕೊನೆಯಲ್ಲಿ ಟಿವಿಯಲ್ಲಿ ಆಡಿದ ಮಾತಿನಿಂದ ಹೊರಟ ಲೆಕ್ಕ 200ರಿಂದ 225. ಮೂರರಲ್ಲಿ ಒಂದನ್ನು ಆರಿಸಿ ‘ಇದೇ ನಿಜ’ ಎಂದು ಬರೆಯುವುದೂ ತಪ್ಪು, ಮೂರನ್ನೂ ಕೂಡಿಸಿ ಸರಾಸರಿ ತೆಗೆದು ‘ನೂರಾರು’ ಎನ್ನುವುದೂ ತಪ್ಪು. ಮೂರೂ ಬೇರೆ ಬೇರೆ ವಸ್ತುವನ್ನು ಅಳೆದಿವೆ. ಮೊದಲನೆಯದು ಒಂದೊಂದೇ ಸಾವನ್ನು ಖಚಿತ ಮಾಡಿಕೊಂಡು ಕೂಡಿಸಿದ್ದು, ಆದ್ದರಿಂದ ಅದು ತಳ. ಎರಡನೆಯದು ಒಳಗಿನವರ ಬಾಯಿಂದ ಬಂದ ಒಟ್ಟು, ಅದರ ಹಿಂದೆ ಹೆಸರುಗಳ ಪಟ್ಟಿ ಇಲ್ಲ. ಮೂರನೆಯದು ಗುಂಡು ಹೊಡೆಸಿದ ಸರ್ಕಾರ ತಾನಾಗಿ ಒಪ್ಪಿಕೊಂಡಷ್ಟು.

2022ರಲ್ಲೂ ಹೀಗೇ. ಇರಾನಿನ ಪ್ರಬಲ ಸೇನಾಪಡೆಯಾದ ಕ್ರಾಂತಿ ರಕ್ಷಣಾ ದಳದ ವೈಮಾನಿಕ ವಿಭಾಗದ ಕಮಾಂಡರ್ ಅಮೀರ್ ಅಲಿ ಹಾಜಿಜಾದೆ ನವೆಂಬರ್ ಕೊನೆಯಲ್ಲಿ 300ಕ್ಕೂ ಹೆಚ್ಚು ಸಾವು ಎಂದರು. ಒಂದು ವಾರ ಕಳೆಯುವ ಮುಂಚೆ ಆಂತರಿಕ ಸಚಿವಾಲಯದ ಭದ್ರತಾ ಮಂಡಳಿ 200 ಎಂದಿತು. ಒಂದೇ ಸರ್ಕಾರದ ಎರಡು ಬಾಯಿ, ನಡುವೆ ನೂರು ಹೆಣ. ವಿಶ್ವಸಂಸ್ಥೆಯ ಸತ್ಯಶೋಧನಾ ಸಮಿತಿ 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ 551 ಪ್ರತಿಭಟನಕಾರರ ಲೆಕ್ಕವಿದೆ. ಅವರಲ್ಲಿ ಕನಿಷ್ಠ 49 ಮಹಿಳೆಯರು, 68 ಮಕ್ಕಳು. ‘ಸರ್ಕಾರಿ ಮೂಲ, ಆದ್ದರಿಂದ ಕಸದ ಬುಟ್ಟಿಗೆ’ ಎನ್ನುವವರೂ ಇಲ್ಲಿ ತಪ್ಪುತ್ತಾರೆ. ಹಾಜಿಜಾದೆಯ ಮಾತು ಸರ್ಕಾರದ ಕಡೆಯಿಂದಲೇ ಬಂದದ್ದು, ಅದಕ್ಕೇ ಅದಕ್ಕೆ ಬೆಲೆ. ಇರಾನಿನ ಇರ್ನಾ, ಫಾರ್ಸ್, ತಸ್ನಿಮ್ ಸುದ್ದಿಸಂಸ್ಥೆಗಳ ಸುದ್ದಿಯನ್ನು ಹೆಸರು ಹೇಳಿ ಅಚ್ಚು ಮಾಡಿ. ಫಾರ್ಸ್ ಮತ್ತು ತಸ್ನಿಮ್ ಕ್ರಾಂತಿ ರಕ್ಷಣಾ ದಳಕ್ಕೆ ಹತ್ತಿರದವು ಎಂಬ ನಾಲ್ಕು ಪದ ಜೊತೆಗಿರಲಿ. ಲಂಡನ್ನಿನ ಇರಾನ್ ಇಂಟರ್‌ನ್ಯಾಷನಲ್ ವಾಹಿನಿ ಇರಾನ್ ಆಡಳಿತದ ಕಟ್ಟಾ ವಿರೋಧಿ, ರೇಡಿಯೊ ಫರ್ದಾ ಅಮೆರಿಕ ಸರ್ಕಾರದ ಹಣದಲ್ಲಿ ಕಟ್ಟಿದ್ದು ಎಂಬುದಕ್ಕೂ ಅಷ್ಟೇ ಜಾಗ ಕೊಡಿ.

ಹೆಸರುಪಟ್ಟಿ ಏಕೆ ತಡವಾಗುತ್ತದೆ ಎಂಬುದನ್ನೂ ಓದುಗರಿಗೆ ಒಮ್ಮೆ ತಿಳಿಸಬೇಕು. ಹೆಣ ಬೇಕಾದರೆ ಸದ್ದಿಲ್ಲದೆ ಮಣ್ಣು ಮಾಡಿ ಎಂಬ ಷರತ್ತು, ಮಗ ಅಪಘಾತದಲ್ಲಿ ಸತ್ತ ಎಂದು ಹೇಳಿಕೆ ಕೊಡಿ ಎಂಬ ಒತ್ತಡ, ಬಾಯಿಬಿಟ್ಟರೆ ಉಳಿದ ಮಕ್ಕಳನ್ನೂ ಒಯ್ಯುತ್ತೇವೆ ಎಂಬ ಬೆದರಿಕೆ, ಇವೆಲ್ಲವನ್ನೂ ಮಾನವ ಹಕ್ಕು ಸಂಘಟನೆಗಳು ದಾಖಲಿಸಿವೆ. ಹಾಗಾಗಿ ಅಂಥ ಸಂಘಟನೆಗಳಾದ ಎಚ್‌ಆರ್‌ಎಎನ್‌ಎ, ಓಸ್ಲೊದ ಇರಾನ್ ಹ್ಯೂಮನ್ ರೈಟ್ಸ್, ಕುರ್ದ್ ಪ್ರದೇಶದ ಮೇಲೆ ಕಣ್ಣಿಟ್ಟ ಹೆಂಗಾವ್ ಕೊಡುವ ಅಂಕಿ ಇಂದಿನದಕ್ಕಿಂತ ಆರು ತಿಂಗಳ ನಂತರ ಹೆಚ್ಚಾಗಿರುತ್ತದೆ. ‘ಕನಿಷ್ಠ’ ಎಂಬ ಪದ ಅಲಂಕಾರಕ್ಕೆ ಇರುವುದಲ್ಲ. ಪುಟದಲ್ಲಿ ಜಾಗ ಸಾಲದಾಗ ಶೀರ್ಷಿಕೆಯಿಂದ ಮೊದಲು ಹಾರಿಹೋಗುವುದು ಅದೇ ಪದ. ದಯವಿಟ್ಟು ಬೇರೆ ಯಾವುದನ್ನಾದರೂ ತೆಗೆಯಿರಿ.

ಇಂಟರ್ನೆಟ್ ಸ್ಥಗಿತ ಎಂದರೇನು ಎಂಬುದರಲ್ಲೂ ಗೊಂದಲವಿದೆ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಎರಡು ದಿನ ಇಂಟರ್ನೆಟ್ ನಿಲ್ಲಿಸಿದಾಗ ಮೊಬೈಲ್‌ನಲ್ಲಿ ಏನೂ ತೆರೆಯುತ್ತಿರಲಿಲ್ಲ, ನಮಗೆ ಗೊತ್ತಿರುವುದು ಅಂಥದು. ಅದಕ್ಕೆ ಒಂದು ತಿಂಗಳು ಮೊದಲು ಇರಾನಿನಲ್ಲಿ ಆದದ್ದು ಬೇರೆ ರೀತಿಯದು. ಅಲ್ಲಿ ವರ್ಷಗಟ್ಟಲೆ ಕಟ್ಟಿದ ರಾಷ್ಟ್ರೀಯ ಮಾಹಿತಿ ಜಾಲ ಎಂಬ ಒಳಜಾಲವಿದೆ. ಹೊರಜಗತ್ತಿನ ದಾರಿ ಮುಚ್ಚಿದರೂ ದೇಶದೊಳಗಿನ ಬ್ಯಾಂಕು, ಸರ್ಕಾರಿ ಸೇವೆ ನಡೆಯುತ್ತಿರುತ್ತವೆ. ಆದ್ದರಿಂದಲೇ ಆ ಸರ್ಕಾರಕ್ಕೆ ಮುಚ್ಚುವುದು ಅಗ್ಗ. ನವೆಂಬರ್ 16ರಂದು ಒಂದೊಂದೇ ಇಂಟರ್ನೆಟ್ ಕಂಪನಿಯನ್ನು ಮುಚ್ಚುತ್ತ ಪೂರ್ತಿ ಕತ್ತಲು ಮಾಡಲು ಸುಮಾರು 24 ಗಂಟೆ ಹಿಡಿಯಿತು. ಹೊರಸಂಪರ್ಕ ಮಾಮೂಲಿನ ಶೇ 5ರ ಆಸುಪಾಸಿಗೆ ಇಳಿದದ್ದನ್ನು ನೆಟ್‌ಬ್ಲಾಕ್ಸ್ ಸಂಸ್ಥೆ ಅಳೆದಿತ್ತು. ಒಂದು ವಾರ ಹಾಗೇ ಇತ್ತು. 2022ರಲ್ಲಿ ರೀತಿ ಬದಲಾಯಿತು: ಹಗಲು ಬಿಟ್ಟು, ಜನ ಬೀದಿಗೆ ಬರುವ ಸಂಜೆಯಿಂದ ನಡುರಾತ್ರಿಯವರೆಗೆ ಮೊಬೈಲ್ ಡೇಟಾ ಕಡಿಯುವುದು, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಎರಡನ್ನೂ ನಿರ್ಬಂಧಿಸುವುದು. ವಾಟ್ಸ್‌ಆ್ಯಪ್ ಮೇಲಿನ ನಿರ್ಬಂಧ ತೆಗೆದದ್ದು 2024ರ ಡಿಸೆಂಬರ್‌ನಲ್ಲಿ.

ಡೆಸ್ಕಿನಲ್ಲಿ ಕೂತವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಕತ್ತಲಿನ ದಿನ ಸುದ್ದಿ ಬರಲಿಲ್ಲ ಎಂದರೆ ಅಲ್ಲಿ ಏನೂ ನಡೆಯಲಿಲ್ಲ ಎಂದಲ್ಲ. ದಾರಿ ತೆರೆದ ದಿನ ಒಂದು ವಾರದ ವಿಡಿಯೊ ಒಟ್ಟಿಗೆ ಬಂದು ಬೀಳುತ್ತವೆ, ಆ ರಾಶಿಯಲ್ಲಿ ಹಳೆಯದು, ಬೇರೆ ದೇಶದ್ದು ಸುಲಭವಾಗಿ ಸೇರಿಕೊಳ್ಳುತ್ತವೆ. ಅಪ್‌ಲೋಡ್ ಆದ ದಿನವನ್ನು ಘಟನೆಯ ದಿನ ಎಂದು ಬರೆಯಬಾರದು.

ರಾತ್ರಿ ಒಂಬತ್ತಕ್ಕೆ 30 ಸೆಕೆಂಡಿನ ಒಂದು ತುಣುಕು ಬಂದಿದೆ ಎಂದುಕೊಳ್ಳಿ. ‘ಟೆಹರಾನ್, ಇಂದು ಸಂಜೆ’ ಎಂದು ಕೆಳಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಕ್ಯಾಮೆರಾ ದಾಖಲಿಸಿದ ಸಮಯ, ಸ್ಥಳದ ವಿವರ ಉಳಿದಿರುವುದಿಲ್ಲ. ಕಳಿಸಿದವರು ಸಿಗುವಂತಿದ್ದರೆ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಸಿಗದಿದ್ದರೆ ನಾಲ್ಕೈದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಜನರ ಗುಂಪಿನ ಚಿತ್ರ ಹುಡುಕಾಟಕ್ಕೆ ಉಪಯೋಗವಿಲ್ಲ, ಎಲ್ಲ ಗುಂಪೂ ಒಂದೇ ತರಹ ಕಾಣುತ್ತವೆ. ಕಟ್ಟಡದ ಮುಖ, ಸೇತುವೆ, ಅಂಗಡಿ ಬೋರ್ಡು ಇರುವ ಚೌಕಟ್ಟನ್ನು ಕತ್ತರಿಸಿ ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಮೂರರಲ್ಲೂ ಹಾಕಿ. ಅದೇ ಚಿತ್ರ ಎರಡು ವರ್ಷದ ಹಿಂದೆ ಸಿಕ್ಕರೆ ಕೆಲಸ ಅಲ್ಲಿಗೇ ಮುಗಿಯಿತು. ಸಿಗದಿದ್ದರೆ ಹೊಸದೆಂದು ಖಾತ್ರಿಯಾಗಲಿಲ್ಲ, ಅಷ್ಟೇ. ಬಹಳ ಜನ ಎಡವುವುದು ಇಲ್ಲಿ.

ಮುಂದೆ ಬೋರ್ಡು ಓದಿ. ಫಾರ್ಸಿಯಲ್ಲಿ ಪೆ, ಚೆ, ಝೆ, ಗಾಫ್ ಎಂಬ ನಾಲ್ಕು ಅಕ್ಷರಗಳಿವೆ, ಅರಬ್ಬಿಯ ಮೂಲ ಅಕ್ಷರಮಾಲೆಯಲ್ಲಿ ಅವಿಲ್ಲ. 4, 5, 6 ಅಂಕಿಗಳ ಆಕಾರವೂ ಬೇರೆ. ಬಾಗ್ದಾದಿನ ವಿಡಿಯೊ ಟೆಹರಾನ್ ಎಂದು ಬಂದರೆ ಇಲ್ಲೇ ಸಿಕ್ಕಿಬೀಳುತ್ತದೆ. ಇನ್ನು ಟ, ಡ, ಡ಼ ಅಕ್ಷರಗಳ ನೆತ್ತಿಯ ಮೇಲೆ ಚಿಕ್ಕ ಗುರುತು ಕಂಡರೆ ಅದು ಉರ್ದು. ವಿಡಿಯೊ ಪಾಕಿಸ್ತಾನದ್ದೋ ನಮ್ಮ ದೇಶದ್ದೋ ಇರಬೇಕು. ಇದಕ್ಕೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯಲ್ಲಿ ಉರ್ದು ಓದಬಲ್ಲವರಿಗೆ ಬರವೇ? ಒಂದು ಫೋನಿನಲ್ಲಿ ಆಗುವ ಕೆಲಸ. ವಾಹನದ ನಂಬರ್ ಪ್ಲೇಟು ಇನ್ನೂ ಒಳ್ಳೆಯ ಸಾಕ್ಷಿ: ಇರಾನಿನ ಖಾಸಗಿ ಕಾರಿನದು ಬಿಳಿ, ಎಡತುದಿಯಲ್ಲಿ ಧ್ವಜವಿರುವ ನೀಲಿ ಪಟ್ಟಿ, ಬಲತುದಿಯಲ್ಲಿ ಗೆರೆ ಹೊಡೆದು ಬೇರೆ ಮಾಡಿದ ಚೌಕದಲ್ಲಿ ‘ಇರಾನ್’ ಪದ, ಅದರ ಕೆಳಗೆ ಪ್ರದೇಶ ಸೂಚಿಸುವ ಎರಡಂಕಿ. ಟ್ಯಾಕ್ಸಿಯದು ಹಳದಿ. ಟೆಹರಾನಿನ ವಲಿಅಸ್ರ್ ರಸ್ತೆಯಾದರೆ ಇಕ್ಕೆಲದಲ್ಲಿ ಎತ್ತರದ ಚಿನಾರ್ ಮರಗಳು, ಅವುಗಳ ಬುಡದಲ್ಲಿ ‘ಜೂಬ್’ ಎಂದು ಕರೆಯುವ ತೆರೆದ ನೀರಿನ ಕಾಲುವೆ ಕಾಣಬೇಕು. ಬೆಟ್ಟ ಕಂಡರೆ ಅದು ಉತ್ತರದ ಅಲ್ಬೋರ್ಜ್. ದಿಕ್ಕು ಸಿಕ್ಕಿತು, ನೆರಳು ನೋಡಿ ಹೊತ್ತು ತಿಳಿಯಬಹುದು. ಇರಾನ್ ನಮಗಿಂತ ಎರಡು ಗಂಟೆ ಹಿಂದೆ. 2022ರ ಸೆಪ್ಟೆಂಬರ್‌ನಲ್ಲಿ ಅವರು ಬೇಸಿಗೆ ಸಮಯ ಪದ್ಧತಿ ಕೈಬಿಟ್ಟದ್ದರಿಂದ ಈಗ ವರ್ಷಪೂರ್ತಿ ಇದೇ ಅಂತರ. ಇಲ್ಲಿ ರಾತ್ರಿ ಒಂಬತ್ತಾದರೆ ಅಲ್ಲಿ ಸಂಜೆ ಏಳು. ಡಿಸೆಂಬರ್ ತಿಂಗಳಲ್ಲಿ ‘ಈಗಷ್ಟೇ ನಡೆದದ್ದು’ ಎಂದು ನಡುಬಿಸಿಲಿನ ವಿಡಿಯೊ ಬಂದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ದನಿಯನ್ನು ಕೊನೆಗೆ ನೋಡಿ, ಅದನ್ನು ಬದಲಿಸುವುದು ಅತಿ ಸುಲಭ. ‘ಜನ್, ಜಿಂದಗಿ, ಆಜಾದಿ’ ಎಂಬ ಘೋಷಣೆ ನಮ್ಮ ಕಿವಿಗೂ ಪರಿಚಿತ ಪದಗಳದ್ದೇ: ಹೆಣ್ಣು, ಬದುಕು, ಸ್ವಾತಂತ್ರ್ಯ. ಅದು ಮೊದಲು ಕುರ್ದಿ ಭಾಷೆಯದು, ‘ಜಿನ್, ಜಿಯಾನ್, ಆಜಾದಿ’. ಅಲ್ಲಿಯ ಜನ ಅನುಭವದಿಂದ ಕಲಿತ ಒಂದು ರೂಢಿಯೂ ಇದೆ: ಚಿತ್ರೀಕರಿಸುವವರೇ ಊರು, ರಸ್ತೆ, ತಾರೀಕನ್ನು ಬಾಯಲ್ಲಿ ಹೇಳುತ್ತಾರೆ. ಆ ತಾರೀಕು ಅವರ ಸೌರ ಪಂಚಾಂಗದ್ದು. 2022ರ ಸೆಪ್ಟೆಂಬರ್ 16 ಎಂದರೆ ಅವರಿಗೆ 1401ರ ಶಹ್ರಿವರ್ 25. ವರ್ಷ ಮಾರ್ಚ್ 20–21ರ ಹೊತ್ತಿಗೆ ಬದಲಾಗುತ್ತದೆ.

ಎಲ್ಲ ಸರಿ ಇದ್ದರೂ ಮುಖಗಳನ್ನು ಮಸುಕು ಮಾಡದೆ ಅಚ್ಚು ಹಾಕಬೇಡಿ. ಧಾರವಾಡದಲ್ಲಿ ಅಚ್ಚಾದ ಚಿತ್ರ ಇ-ಪೇಪರ್‌ನಲ್ಲಿ ಟೆಹರಾನಿನ ಪೊಲೀಸರಿಗೂ ಕಾಣುತ್ತದೆ. 2009ರ ಜೂನ್ 20ರಂದು ಟೆಹರಾನಿನ ಪ್ರತಿಭಟನೆಯಲ್ಲಿ ಗುಂಡಿಗೆ ಬಲಿಯಾದ ಯುವತಿ ನೆದಾ ಆಘಾ ಸುಲ್ತಾನ್ ಅವರದೆಂದು ಜಗತ್ತಿನ ಪತ್ರಿಕೆಗಳು ಹಾಕಿದ ಚಿತ್ರ, ಹೆಸರಿನಲ್ಲಿ ಸ್ವಲ್ಪ ಹೋಲಿಕೆ ಇದ್ದ ಬೇರೊಬ್ಬ ಮಹಿಳೆಯದು, ಆಕೆ ಒಬ್ಬ ಅಧ್ಯಾಪಕಿ. ಫೇಸ್‌ಬುಕ್ಕಿನಿಂದ ಎತ್ತಿದ್ದು. ತಪ್ಪು ಎಂದು ಆಕೆ ಹೇಳಿದ ನಂತರವೂ ಆ ಚಿತ್ರ ಓಡಾಡಿತು. ಆಕೆ ದೇಶ ಬಿಟ್ಟು ಜರ್ಮನಿಯಲ್ಲಿ ಆಶ್ರಯ ಪಡೆಯಬೇಕಾಯಿತು. ಗಡಿಬಿಡಿಯಲ್ಲಿ ಹಾಕಿದ ಒಂದು ಪಾಸ್‌ಪೋರ್ಟ್ ಅಳತೆಯ ಚಿತ್ರ ಇಷ್ಟು ಮಾಡಬಲ್ಲದು.

ಘಟನೆ ನಿಜವಿದ್ದು ವಿಡಿಯೊ ಸುಳ್ಳಾಗಿರುವುದೂ ಉಂಟು. 2025ರ ಜೂನ್ 23ರಂದು ಇಸ್ರೇಲ್ ಟೆಹರಾನಿನ ಎವಿನ್ ಜೈಲಿನ ಮೇಲೆ ದಾಳಿ ಮಾಡಿದ್ದು ನಿಜ. ಅಂದು ಹರಡಿದ, ಜೈಲಿನ ಗೇಟು ಸಿಡಿಯುವ ಕಪ್ಪು-ಬಿಳುಪು ತುಣುಕು ಮಾತ್ರ ಎಐ ಬಳಸಿ ಮಾಡಿದ್ದಿರಬೇಕು ಎಂದು ಪರಿಶೀಲಕರು ಶಂಕಿಸಿದರು. ತುಣುಕನ್ನು ತಳ್ಳಿಹಾಕುವಾಗ ದಾಳಿಯನ್ನೇ ತಳ್ಳಿಹಾಕಬಾರದು.

ಅಧಿಕೃತ ನಿರಾಕರಣೆಗೂ ಇದೇ ಅಳತೆ. 2020ರ ಜನವರಿ 8ರಂದು ಟೆಹರಾನಿನಿಂದ ಹೊರಟ ಉಕ್ರೇನಿನ ವಿಮಾನ ಬಿದ್ದು 176 ಜನ ಸತ್ತರು. ಕ್ಷಿಪಣಿ ಬಡಿದಿರಲು ಸಾಧ್ಯವೇ ಇಲ್ಲ ಎಂದು ಅಲ್ಲಿಯ ವಿಮಾನಯಾನ ಮುಖ್ಯಸ್ಥರು ಹೇಳಿದರು. ಮೊಬೈಲ್‌ನಲ್ಲಿ ಸೆರೆಯಾದ ತುಣುಕನ್ನು ಹೊರಗಿನ ಪತ್ರಿಕೆಗಳು ಸ್ಥಳ ಹೊಂದಿಸಿ ಖಚಿತಪಡಿಸಿದವು. 11ರಂದು ಸರ್ಕಾರ ಒಪ್ಪಿಕೊಂಡಿತು: ಹೊಡೆದದ್ದು ತಮ್ಮದೇ ವಾಯುರಕ್ಷಣಾ ಪಡೆ. ಆ ಮೂರು ದಿನ ‘ಇರಾನ್ ಸ್ಪಷ್ಟಪಡಿಸಿದೆ’ ಎಂದು ಬರೆದವರೆಲ್ಲ ‘ಇರಾನ್ ಹೇಳಿದೆ’ ಎಂದಷ್ಟೇ ಬರೆಯಬೇಕಿತ್ತು. ಹೇಳಿದೆ, ಆರೋಪಿಸಿದೆ, ಒಪ್ಪಿದೆ, ದೃಢಪಡಿಸಿದೆ, ಸ್ಪಷ್ಟಪಡಿಸಿದೆ: ಐದೂ ಬೇರೆ ಬೇರೆ ಕೆಲಸ. ಮೊದಲನೆಯದು ಎಲ್ಲಿಯೂ ಮೋಸ ಮಾಡುವುದಿಲ್ಲ.

ಟಿವಿಯಲ್ಲಿ ಬರುವ ತಪ್ಪೊಪ್ಪಿಗೆಗಳಿಗೆ ಇನ್ನೂ ಎಚ್ಚರ ಬೇಕು. 2022ರಲ್ಲಿ ಪ್ರತಿಭಟನೆಗೆ ಹೋಗಿದ್ದ 16 ವರ್ಷದ ನಿಕಾ ಶಕರಾಮಿ ಸತ್ತಾಗ ಆಕೆ ಕಟ್ಟಡದಿಂದ ಬಿದ್ದಳು ಎಂಬ ಅಧಿಕೃತ ಮಾತಿಗೆ ಪೂರಕವಾಗಿ ಆಕೆಯ ಚಿಕ್ಕಮ್ಮನ ಹೇಳಿಕೆಯನ್ನು ಸರ್ಕಾರಿ ಟಿವಿ ಬಿತ್ತರಿಸಿತು. ಚಿಕ್ಕಮ್ಮ ಅದಕ್ಕೂ ಮುಂಚೆ ಬಂಧನಕ್ಕೊಳಗಾಗಿದ್ದರು. ಒತ್ತಾಯದಿಂದ ಹೇಳಿಸಿದ್ದು ಎಂದು ತಾಯಿ ಸಾರಿದರು. ‘ಕುಟುಂಬದವರೇ ಒಪ್ಪಿದ್ದಾರೆ’ ಎಂಬ ಒಂದು ಸಾಲಿನ ಸುದ್ದಿಯಲ್ಲಿ ಈ ಬಂಧನ ಕಾಣುವುದೇ ಇಲ್ಲ.

ಕನ್ನಡಕ್ಕೆ ಮಾತ್ರ ಸಂಬಂಧಿಸಿದ ಎರಡು ತೊಡಕುಗಳಿವೆ. ಒಂದು, ‘ನೈತಿಕ ಪೊಲೀಸ್’. ನಮ್ಮಲ್ಲಿ ನೈತಿಕ ಪೊಲೀಸ್‌ಗಿರಿ ಎಂದರೆ ಕಾನೂನಿನ ಅಧಿಕಾರವಿಲ್ಲದ ಖಾಸಗಿ ಗುಂಪು ಬಸ್ಸು, ಪಾರ್ಕುಗಳಲ್ಲಿ ಹುಡುಗ ಹುಡುಗಿಯರನ್ನು ಅಡ್ಡಗಟ್ಟುವುದು. ಇರಾನಿನ ಗಶ್ತ್-ಎ-ಎರ್ಶಾದ್ ಹಾಗಲ್ಲ. ಅದು ಪೊಲೀಸ್ ಇಲಾಖೆಯದೇ ಗಸ್ತು ದಳ. ಸಮವಸ್ತ್ರ, ವ್ಯಾನು, ಠಾಣೆ ಎಲ್ಲ ಇರುವಂಥದು. ಅದರ ಹಿಂದೆ ಕಾನೂನಿದೆ: ದಂಡಸಂಹಿತೆಯ 638ನೆಯ ವಿಧಿಯ ಟಿಪ್ಪಣಿ ಹಿಜಾಬಿಲ್ಲದೆ ಸಾರ್ವಜನಿಕವಾಗಿ ಕಾಣಿಸಿಕೊಂಡ ಮಹಿಳೆಗೆ 10 ದಿನದಿಂದ ಎರಡು ತಿಂಗಳ ಜೈಲು ಅಥವಾ ದಂಡ ಎನ್ನುತ್ತದೆ. ‘ಹಿಜಾಬ್ ಗಸ್ತು ಪೊಲೀಸ್’ ಎಂದು ಬರೆದರೆ ಓದುಗ ತಪ್ಪು ತಿಳಿಯುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಪ್ರಾಸಿಕ್ಯೂಟರ್ ಜನರಲ್ ಮೊಂತಜೆರಿ ಆಡಿದ ಒಂದು ಅಸ್ಪಷ್ಟ ಮಾತನ್ನು ಹಿಡಿದು ‘ಇರಾನಿನಲ್ಲಿ ನೈತಿಕ ಪೊಲೀಸ್ ರದ್ದು’ ಎಂದು ಎಲ್ಲೆಡೆ ದೊಡ್ಡ ಶೀರ್ಷಿಕೆ ಬಂತು. ಆದೇಶದ ಪ್ರತಿಯನ್ನು ಯಾರೂ ನೋಡಿರಲಿಲ್ಲ. 2023ರ ಜುಲೈನಲ್ಲಿ ಗಸ್ತು ಮತ್ತೆ ಬೀದಿಗೆ ಬಂತು.

ಎರಡನೆಯದು, ನಮ್ಮದೇ ಹಿಜಾಬ್ ವಿವಾದ. 2022ರ ಮಾರ್ಚ್ 15ಕ್ಕೆ ಕರ್ನಾಟಕ ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು. ಇವೆರಡರ ನಡುವೆ, ಸೆಪ್ಟೆಂಬರ್ 16ರಂದು, ಟೆಹರಾನಿನಲ್ಲಿ 22 ವರ್ಷದ ಮಹ್ಸಾ ಅಮೀನಿ ಸತ್ತಳು. ಆಕೆಯ ಸಾವನ್ನು ಇಲ್ಲಿಯ ಜಗಳಕ್ಕೆ ಎರಡೂ ಕಡೆಯವರು ಎಳೆದುಕೊಂಡರು. ಅಲ್ಲಿಯ ಪ್ರಶ್ನೆ ಕಾನೂನಿನಿಂದ ತೊಡಿಸುವ ಸರ್ಕಾರದ್ದು, ಪೊಲೀಸ್ ವಶದಲ್ಲಾದ ಸಾವಿನದ್ದು. ಹಳೆಯ ಕಾಯಿಲೆಯೇ ಕಾರಣ ಎಂದು ಇರಾನಿನ ವಿಧಿವಿಜ್ಞಾನ ಸಂಸ್ಥೆ ಅಕ್ಟೋಬರ್‌ನಲ್ಲಿ ಹೇಳಿತು, ಕುಟುಂಬ ಒಪ್ಪಲಿಲ್ಲ. ವಶದಲ್ಲಿದ್ದಾಗಿನ ದೈಹಿಕ ಹಿಂಸೆಯೇ ಸಾವಿಗೆ ಕಾರಣ ಎಂದು 2024ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸಮಿತಿ ತೀರ್ಮಾನಿಸಿತು. ಆಕೆಯ ಸುದ್ದಿಯನ್ನು ಮೊದಲು ಬರೆದ ಶರ್ಘ್ ಪತ್ರಿಕೆಯ ನಿಲೂಫರ್ ಹಮೇದಿ, ಹಮ್-ಮಿಹನ್ ಪತ್ರಿಕೆಯ ಇಲಾಹೆ ಮೊಹಮ್ಮದಿ ಇಬ್ಬರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅವರು ಆಸ್ಪತ್ರೆಗೆ, ಸಕ್ಕೆಜ್ ಊರಿನ ಸ್ಮಶಾನಕ್ಕೆ ಹೋಗಿ ತಂದ ಸುದ್ದಿ ಅದು. ನಮ್ಮ ಪುಟದಲ್ಲಿ ಅದು ‘ಎನ್ನಲಾಗಿದೆ’ ಆಗಬಾರದು.

ಹೆಸರುಗಳ ಮಾತು. 1989ರಲ್ಲಿ ತೀರಿಕೊಂಡವರು ಖೊಮೇನಿ, ಅವರ ನಂತರ ಸರ್ವೋಚ್ಚ ನಾಯಕರಾದವರು ಖಾಮೆನೇಯಿ. ಒಂದೇ ವರದಿಯಲ್ಲಿ ಇಬ್ಬರೂ ಅದಲು ಬದಲಾಗುವುದನ್ನು ಇನ್ನಾದರೂ ನಿಲ್ಲಿಸಬೇಕು. ಮಹ್ಸಾ ಎಂಬುದು ದಾಖಲೆಯ ಹೆಸರು. ಮನೆಯವರು ಕರೆಯುತ್ತಿದ್ದ ಕುರ್ದಿ ಹೆಸರು ಜೀನಾ. ಎರಡನ್ನೂ ಬರೆಯಿರಿ. ಮುದ್ರಣ ಕಾಶಿ ಎನಿಸಿಕೊಂಡ ಗದುಗಿನ ಪಕ್ಕದಲ್ಲಿದ್ದೇವೆ, ಇಂಥ 40 ಹೆಸರುಗಳ ಒಂದು ಪಟ್ಟಿಯನ್ನು ಡೆಸ್ಕಿನ ಗೋಡೆಗೆ ಅಂಟಿಸುವುದು ಭಾರದ ಕೆಲಸವಲ್ಲ.

ನಮ್ಮ ಬೇಡಿಕೆ ಚಿಕ್ಕದು. ಇರಾನಿನ ಪ್ರತಿ ಅಂಕಿಯ ಪಕ್ಕದಲ್ಲಿ ಎಣಿಸಿದವರ ಹೆಸರು, ಎಣಿಸಿದ ತಾರೀಕು, ಹೆಸರುಪಟ್ಟಿ ಇದೆಯೋ ಇಲ್ಲವೋ ಎಂಬ ಮಾತು, ಎಲ್ಲ ಸೇರಿ ಹತ್ತು ಪದ. ಅಂಕಿ ಬದಲಾದರೆ ಹಳೆಯದನ್ನೂ ಹೊಸದನ್ನೂ ಎರಡನ್ನೂ ಕೊಟ್ಟು, ಮೊದಲು ಬಂದ ಪುಟದಲ್ಲೇ, ಅದೇ ಅಕ್ಷರದ ಅಳತೆಯಲ್ಲಿ ತಿದ್ದುಪಡಿ ಹಾಕಿ. ಇ-ಪೇಪರ್‌ನ ಹಳೆಯ ಪುಟಕ್ಕೂ ಅದನ್ನು ಸೇರಿಸಿ, ಪರೀಕ್ಷೆಗೆ ಓದುವವರು ಹಿಂದಿನ ಸಂಚಿಕೆ ಹುಡುಕುವುದು ಅಲ್ಲೇ.

ಇತಿ ತಮ್ಮ ವಿಶ್ವಾಸಿಗಳು,
ಓದುಗರು, ಸಪ್ತಾಪುರ, ಧಾರವಾಡ